ಏಳನೇ ರ‍್ಯಾಕಿನ ಕಟ್ಟು

ಪಕ್ಕದ ಮನೆಗೆ ಬಾಡಿಗೆಗೆ ಬಂದಿರುವ ಪಾಲಿಟೆಕ್ನಿಕ್ ಮೇಷ್ಟರು ಕಂಪ್ಯೂಟರ್ ಪಾಠ ಹೇಳುತ್ತಾರೆ. ಸಂಜೆ ಕಾಫಿಗೆ ಬಂದಾಗ ಮರುದಿನದ ಪಾಠವನ್ನು ನನ್ನ ಮೇಲೆ ಒಮ್ಮೆ ಪ್ರಯೋಗಿಸುವುದು ಅವರ ರೂಢಿ. ಈ ಮುದುಕನಿಗೆ ಅರ್ಥವಾದದ್ದು ಮಕ್ಕಳಿಗೂ ಅರ್ಥವಾದೀತೆಂಬ ಗೌರವ ನನ್ನ ಮೇಲೆ.

ಮೊನ್ನೆಯ ಪಾಠ ಯಂತ್ರದ ನೆನಪಿನ ಕುರಿತಾಗಿತ್ತು. ಅದರ ನೆನಪನ್ನು ಸಮಸಮ ತುಂಡು ಮಾಡಿರುತ್ತಾರಂತೆ, ತುಂಡಿಗೆ ಪೇಜು ಎಂದು ಹೆಸರು. ಕೆಲಸ ಮಾಡುವ ಪ್ರೋಗ್ರಾಮು ತನ್ನ ಪೇಜುಗಳು ಒಂದು, ಎರಡು, ಮೂರು ಎಂದು ಸಾಲಾಗಿ ಕುಳಿತಿವೆಯೆಂದು ನಂಬಿರುತ್ತದೆ. ನಿಜದಲ್ಲಿ ಅವು ಎಲ್ಲೆಲ್ಲೋ ಚದುರಿರುತ್ತವೆ. ಯಾವ ನಂಬರಿನ ಪೇಜು ಯಾವ ಜಾಗದಲ್ಲಿದೆ ಎಂಬ ಪಟ್ಟಿಯನ್ನು ಕರ್ನೆಲ್ ಎಂಬ ಯಜಮಾನ ಇಟ್ಟುಕೊಂಡಿರುತ್ತಾನೆ. (ಕೊಡಗಿನಲ್ಲಿ ಕರ್ನಲ್ ಎಂದರೆ ಕುರ್ಚಿ ಬಿಟ್ಟು ಏಳುವ ಅಭ್ಯಾಸ, ಇದು ಆ ಕರ್ನಲ್ ಅಲ್ಲವೆಂದು ಮೇಷ್ಟರು ನನ್ನನ್ನು ಕೂರಿಸಿದರು.) ಪಟ್ಟಿ ದೊಡ್ಡದಾದ್ದರಿಂದ ಪಟ್ಟಿಗಳಿಗೇ ಒಂದು ಪಟ್ಟಿ. ಪ್ರತಿ ಸಲ ಅದನ್ನೆಲ್ಲ ಬಿಚ್ಚುವುದು ತಡವೆಂದು, ಈಚೆಗೆ ನೋಡಿದ ಕೆಲವನ್ನು ಕೈಗೆ ಸಿಗುವಂತೆ ಒಂದು ಚಿಕ್ಕ ಪಟ್ಟಿಯಲ್ಲಿ ಬರೆದಿಟ್ಟಿರುತ್ತಾರೆ.

"ಇಲ್ಲಿ ಒಂದೇ ಒಂದು ಎಚ್ಚರಿಕೆ ಸಾರ್," ಎಂದರು ಮೇಷ್ಟರು. "ದೊಡ್ಡ ಪಟ್ಟಿ ಬದಲಾಯಿಸಿದ ಕೂಡಲೇ ಚಿಕ್ಕ ಪಟ್ಟೀಲಿರೋ ಹಳೇದನ್ನ ಅಳಿಸ್ಬೇಕು. ಅಳಿಸೋ ತನಕ ಆ ಜಾಗ ಇನ್ನೊಬ್ಬರಿಗೆ ಕೊಡಬಾರದು."

"ಕೊಟ್ಟರೆ?"

"ಯಂತ್ರ ಪೂರ್ತಿ ಧೈರ್ಯದಲ್ಲಿ ಹಳೇ ಜಾಗಕ್ಕೇ ಹೋಗ್ತದೆ. ಅಲ್ಲಿರೋದು ಇನ್ಯಾರದೋ ಪೇಜು. ಅದನ್ನ ಹಾಳು ಮಾಡಿ, ಕೆಲಸ ಆಯ್ತು ಅಂತ ಬರ್ತದೆ."

ನಾನು ಲೋಟ ಕೆಳಗಿಟ್ಟೆ.

"ಅರ್ಥ ಆಗ್ಲಿಲ್ವಾ ಸಾರ್?"

"ಆಯ್ತು," ಎಂದೆ. "ಬೇಕಾದ್ದಕ್ಕಿಂತ ಹೆಚ್ಚೇ ಆಯ್ತು."

ಆ ಕೆಲಸವನ್ನು ನಾನು ಮಾಡಿದ್ದೆ. ಯಾವ ಯಂತ್ರವೂ ಇಲ್ಲದೆ, ಬರಿಗೈಯಲ್ಲಿ, ಇಪ್ಪತ್ತಾರನೇ ವಯಸ್ಸಿನಲ್ಲಿ.

ಕೊಡಗು ಮೈಸೂರಿಗೆ ಸೇರಿದ ಮೊದಲ ಚಳಿಗಾಲ ಅದು. ನಾನೊಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತ. ಕಚೇರಿ ಯಾವುದೆಂದು ಹೇಳುವುದಿಲ್ಲ. ಅದರ ಗೋಡೆಗಳು ಈಗಲೂ ನಿಂತಿವೆ, ಅವುಗಳದ್ದೇನೂ ತಪ್ಪಿರಲಿಲ್ಲ. ರೂಮಿನಲ್ಲಿ ಹನ್ನೆರಡು ಮರದ ರ‍್ಯಾಕುಗಳು, ಒಂದೊಂದಕ್ಕೆ ಆರು ಹಲಗೆ, ಒಂದೊಂದು ಹಲಗೆಯಲ್ಲಿ ಎಂಟು ಖಾನೆ. ಒಂದು ಖಾನೆಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಒಂದು ಕಟ್ಟು. ಖಾನೆಗಳ ಎರಡರಷ್ಟು ಕಟ್ಟುಗಳಿದ್ದುದರಿಂದ ಉಳಿದವು ಹಿತ್ತಲಿನ ತಗಡಿನ ಷೆಡ್ಡಿನಲ್ಲಿ ವಾಸ.

ಪ್ರತಿ ಕಟ್ಟಿಗೂ ಊರಿನ ಹೆಸರು ಸೇರಿಸಿದ ಒಂದು ನಂಬರು. ಅದು ಹುಟ್ಟಿದಾಗ ಇಟ್ಟದ್ದು, ಬದಲಾಗುವಂತಿಲ್ಲ. ಆದರೆ ಕಟ್ಟು ಇರುವ ಜಾಗ ಬದಲಾಗುತ್ತಲೇ ಇರುತ್ತಿತ್ತು. ಯಾರೋ ಒಂದು ಹಳೆಯ ಕಟ್ಟು ಕೇಳಿದರೆ ಅದು ಷೆಡ್ಡಿನಿಂದ ಒಳಗೆ ಬರಬೇಕು. ಅದಕ್ಕೆ ಜಾಗ ಬೇಕಾದರೆ, ವರ್ಷಗಟ್ಟಲೆ ಯಾರೂ ಕೇಳದ ಇನ್ನೊಂದು ಹೊರಗೆ ಹೋಗಬೇಕು. ಈ ಹೋಗಿಬರುವಿಕೆಯನ್ನೆಲ್ಲ ಹಿಡಿದಿಡಲು ಪುಸ್ತಕಗಳಿದ್ದವು. ಒಂದು ದಪ್ಪ ಪುಸ್ತಕ ಯಾವ ನಾಡಿಗೆ, ಅಂದರೆ ಹೋಬಳಿಗೆ, ಯಾವ ರಿಜಿಸ್ಟರೆಂದು ಹೇಳುತ್ತಿತ್ತು. ಆ ರಿಜಿಸ್ಟರು ಕಟ್ಟಿನ ನಂಬರಿನ ಮುಂದೆ ರ‍್ಯಾಕು, ಹಲಗೆ, ಖಾನೆ ಎಂದು ಮೂರು ಅಂಕಿ ಹೇಳುತ್ತಿತ್ತು. ಇಲ್ಲವೇ 'ಷೆಡ್' ಎನ್ನುತ್ತಿತ್ತು. ನನಗಿಂತ ಮೊದಲು ಅಲ್ಲಿದ್ದು ನಿವೃತ್ತರಾದವರು ಚಾರ್ಜು ಕೊಡುವಾಗ ಹೇಳಿದ್ದು ಒಂದೇ ಮಾತು: "ರ‍್ಯಾಕು ಮುಟ್ಟುವ ಮೊದಲು ಪುಸ್ತಕ ಮುಟ್ಟು." ನಾನು ಗಂಭೀರವಾಗಿ ತಲೆಯಾಡಿಸಿದೆ. ಎರಡು ವರ್ಷ ಹಾಗೆಯೇ ನಡೆದುಕೊಂಡೆ ಕೂಡ.

ಆಮೇಲೆ ನನಗೆ ಬುದ್ಧಿ ಬೆಳೆಯಿತು.

ಎರಡು ಪುಸ್ತಕ ಬಿಚ್ಚಿ ಒಂದು ಕಟ್ಟು ಹುಡುಕಲು ಐದು ನಿಮಿಷ ಬೇಕು. ಕೇಳುವವರು ಮತ್ತೆ ಮತ್ತೆ ಕೇಳುವುದು ಮೂವತ್ತು ನಲವತ್ತು ಕಟ್ಟುಗಳನ್ನಷ್ಟೇ. ನಾನು ಬಾಗಿಲ ಬಳಿ ಒಂದು ಮರದ ಬೋರ್ಡು ಹೊಡೆಸಿ, ಮೊಳೆಗಳನ್ನು ಸಾಲಾಗಿ ಕೂರಿಸಿ, ಆ ಕಟ್ಟುಗಳಿಗೆ ಒಂದೊಂದು ಚೀಟಿ ಬರೆದು ಸಿಕ್ಕಿಸಿದೆ. ಚೀಟಿಯಲ್ಲಿ ಮೇಲೆ ನಂಬರು, ಕೆಳಗೆ ದಪ್ಪಕ್ಷರದಲ್ಲಿ ಜಾಗ. ಈಗ ಅರ್ಧ ನಿಮಿಷದ ಕೆಲಸ. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಶಿರಸ್ತೇದಾರರು ಬೋರ್ಡನ್ನು ನೋಡಿ, "ಪರವಾಗಿಲ್ಲಯ್ಯಾ, ನಿಮ್ಮ ಕೊಡಗಲ್ಲೂ ತಲೆ ಇದೆ," ಎಂದರು. ಅದು ಹೊಗಳಿಕೆಯೋ ಏನೋ ಎಂದು ಯೋಚಿಸದೆ ಒಂದು ವಾರ ಎದೆಯುಬ್ಬಿಸಿ ನಡೆದೆ.

ಆ ಬೋರ್ಡಿನಿಂದ ಅತ್ಯಂತ ಅನುಕೂಲವಾದದ್ದು ನಮ್ಮ ಅಟೆಂಡರಿಗೆ. ನೆಲ್ಯಹುದಿಕೇರಿಯವರು, ಮಲಯಾಳ ಮನೆಮಾತಿನ ಹಿರಿಯ ಮನುಷ್ಯ. ಕಚೇರಿಯೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿತ್ತು. ಅವರಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅಂಕಿ ಮಾತ್ರ ಚೆನ್ನಾಗಿ ಗೊತ್ತಿತ್ತು. ನಾನು ಚೀಟಿ ಕೊಟ್ಟು "ಏಳು, ಮೂರು, ಐದು ಕಾಕಾ," ಎಂದರೆ ಏಳನೇ ರ‍್ಯಾಕಿನ ಮೂರನೇ ಹಲಗೆಯ ಐದನೇ ಖಾನೆಯಲ್ಲಿದ್ದದ್ದು ನನ್ನ ಮೇಜಿನ ಮೇಲಿರುತ್ತಿತ್ತು. ಒಳಗೆ ಏನಿದೆ ಎಂಬುದು ಅವರ ಸಂಗತಿಯಲ್ಲ. ಹಾಗೆಂದು ನಾನೇ ಕಲಿಸಿದ್ದೆ.

ನವೆಂಬರಿನಲ್ಲಿ ಮೇಲಿನಿಂದ ಹುಕುಂ ಬಂತು: ಅವಧಿ ಮುಗಿದ ಕಾಗದಗಳನ್ನು ಆರಿಸಿ ನಾಶಮಾಡಿ, ಶಾಶ್ವತವಾದವನ್ನು ಒಳಗೆ ಹೊಂದಿಸಿ, ಹೊಸ ರಾಜ್ಯಕ್ಕೆ ಪಟ್ಟಿ ಕಳಿಸಿ. ನಾಶಕ್ಕೂ ಒಂದು ಕ್ರಮವಿದೆ. ಕಟ್ಟನ್ನು ತೆಗೆದು, ಅದರ ಮೇಲಿನ ನಂಬರನ್ನು ಗುಮಾಸ್ತ ಗಟ್ಟಿಯಾಗಿ ಓದಿ, ಪಟ್ಟಿಯೊಡನೆ ತಾಳೆ ನೋಡಿ, ಬೆಂಕಿಗೆ ಹಾಕಿ, ಕೊನೆಗೆ 'ನನ್ನ ಸಮಕ್ಷಮ ನಾಶಪಡಿಸಲಾಯಿತು' ಎಂದು ರುಜು ಹಾಕಬೇಕು. ನಾಶವಾಗಬೇಕಾದ ಕಟ್ಟುಗಳಿಗೂ ಚೀಟಿ ಬರೆದು ಬೋರ್ಡಿನ ಕೆಳಸಾಲಿನಲ್ಲಿ ಸಿಕ್ಕಿಸಿ, ಪ್ರತಿಯೊಂದಕ್ಕೂ ಕೆಂಪು ಪೆನ್ಸಿಲಿನ ಗೀಟು ಹಾಕಿದೆ. ಸೋಮವಾರ ಬೆಂಕಿಗೆ ಮುಹೂರ್ತ.

ಹಿಂದಿನ ಶನಿವಾರ ಮಧ್ಯಾಹ್ನ ಷೆಡ್ಡಿನಲ್ಲಿ ಒಂದು ಶಾಶ್ವತ ಕಟ್ಟು ಸಿಕ್ಕಿತು. ಸಂಪಾಜೆಯದು, ನಂಬರು ನೂರ ಹದಿನಾಲ್ಕು. ತೋಡುಗಳ, ಅಂದರೆ ಗದ್ದೆಗೆ ಹರಿಯುವ ಸಣ್ಣ ಹಳ್ಳಗಳ, ನೀರಿನ ಹಕ್ಕಿನ ಹಳೆಯ ಆಜ್ಞೆಗಳು. ಹೊದ್ದ ಬಟ್ಟೆ ತೇವಕ್ಕೆ ಕೊಳೆತು ಕೈಗೆ ಬರುತ್ತಿತ್ತು. ಕಾಗದ ಮಾತ್ರ ಗಟ್ಟಿ. ಕಾಕಾ ಹೊಸ ಕೆಂಪು ಬಟ್ಟೆ ತಂದು ಕಟ್ಟಿಕೊಟ್ಟರು. ಇದನ್ನು ಒಳಗಿಡಬೇಕು, ಖಾನೆ ಖಾಲಿಯಿಲ್ಲ. ಏಳು-ಮೂರು-ಐದರಲ್ಲಿ ಬೀಡಾಡಿ ದನಗಳ ದೊಡ್ಡಿಯ ಕಾಗದಗಳಿದ್ದವು. ಹೇಗೂ ಸೋಮವಾರ ಸುಡುವಂಥದ್ದು. ನಾನೇ ಅದನ್ನು ಎತ್ತಿ ಷೆಡ್ಡಿನ ಮೂಲೆಯಲ್ಲಿ ಗೋಣಿಚೀಲದ ಮೇಲೆ ಹಾಕಿ, ನೂರ ಹದಿನಾಲ್ಕನ್ನು ಅದರ ಜಾಗದಲ್ಲಿ ಕೂರಿಸಿದೆ. ರಿಜಿಸ್ಟರಿನಲ್ಲಿ 'ಷೆಡ್' ಹೊಡೆದು 'ಏಳು-ಮೂರು-ಐದು' ಎಂದು ಬರೆದೆ. ಎಷ್ಟು ನೀಟಾಗಿ ಬರೆದೆನೆಂದರೆ ಒಂದು ಕ್ಷಣ ಅದನ್ನೇ ನೋಡುತ್ತ ನಿಂತೆ.

ಬೋರ್ಡಿನಲ್ಲಿ ದನದ ದೊಡ್ಡಿಯ ಚೀಟಿ ಹಾಗೆಯೇ ಇತ್ತು. ಏಳು-ಮೂರು-ಐದು, ಪಕ್ಕದಲ್ಲಿ ಕೆಂಪು ಗೀಟು.

ಅದನ್ನು ಮರೆತೆನೆಂದು ಹೇಳಿದರೆ ಕೇಳುವವರು ಕ್ಷಮಿಸಿಯಾರು. ಮರೆತಿರಲಿಲ್ಲ. ಕಣ್ಣಿಗೆ ಬಿದ್ದಿತ್ತು. ಸಾಲಿನ ನಡುವೆ ಒಂದು ಮೊಳೆ ಮಾತ್ರ ಬೋಳಾಗಿ ಕಾಣುವುದು ನನಗೆ ಚೆನ್ನಾಗಿ ಕಾಣಲಿಲ್ಲ. ಸೋಮವಾರ ಬೆಳಿಗ್ಗೆ ಬಂದು ಕೀಳಬೇಕಾದವನ್ನೆಲ್ಲ ಒಟ್ಟಿಗೆ ಕೀಳೋಣ ಎಂದುಕೊಂಡು ಕೊಡೆ ತೆಗೆದುಕೊಂಡು ಮನೆಗೆ ಹೋದೆ.

ಸೋಮವಾರ ಬಾಗಿಲಲ್ಲೇ ಶಿರಸ್ತೇದಾರರು ಕರೆದರು. ಹೊಸ ರಾಜ್ಯದ ನಮೂನೆಗಳ ಬಗ್ಗೆ ಮುಕ್ಕಾಲು ಗಂಟೆ ಉಪದೇಶವಾಯಿತು. ನಾನು ಹಿತ್ತಲಿಗೆ ಬರುವಷ್ಟರಲ್ಲಿ ಕಾಕಾ ಹೇಳಿದ ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡಿದ್ದರು. ಕೆಂಪು ಗೀಟಿನ ಚೀಟಿಗಳನ್ನೆಲ್ಲ ಕಿತ್ತು, ಆಯಾ ಖಾನೆಯಿಂದ ಕಟ್ಟುಗಳನ್ನು ತಂದು ಸಾಲಾಗಿ ಜೋಡಿಸಿ, ಪ್ರತಿ ಕಟ್ಟಿನ ಮೇಲೂ ಅದರ ಚೀಟಿ ಇಟ್ಟು, ಮೇಲೊಂದು ಕಲ್ಲಿಟ್ಟಿದ್ದರು. ಅಷ್ಟು ಅಚ್ಚುಕಟ್ಟು. ಬೆಂಕಿ ಹತ್ತಿತ್ತು. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಹೊಗೆಗೆ ಬೆನ್ನು ಕೊಟ್ಟು ನಿಂತು, ಕಾಕಾ ಕೊಡುತ್ತಿದ್ದ ಚೀಟಿಗಳಿಂದ ನಂಬರು ಓದುತ್ತ ಹೋದೆ. ಕಟ್ಟಿನ ಮೇಲಿನ ನಂಬರು ಓದಬೇಕಿತ್ತು. ಓದಿದ್ದು ಚೀಟಿ.

ಅರ್ಧ ಮುಗಿದಿರಬಹುದು. ಕಾಕಾ ನಿಲ್ಲಿಸಿದರು.

"ಸಾರ್, ಇದರ ಬಟ್ಟೆ ಹೊಸತುಂಟಲ್ಲ?"

ನಾನು ತಿರುಗಲಿಲ್ಲ. ಕಣ್ಣು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು, ಮುಕ್ಕಾಲು ಗಂಟೆಯ ಉಪದೇಶ ತಲೆಯಲ್ಲಿತ್ತು.

"ಬಟ್ಟೆ ನೋಡೋದು ನಿಮ್ಮ ಕೆಲಸವಾ ಕಾಕಾ? ನಂಬರು ನೋಡಿ."

"ನಂಬರು ಸರಿಯುಂಟು. ಏಳು, ಮೂರು, ಐದು."

"ಮತ್ತೆ?"

ಅವರು ಹಾಕಿದರು. ನಾನು ಮುಂದಿನ ಚೀಟಿ ಓದಿದೆ. ಹನ್ನೆರಡು ಗಂಟೆಗೆ 'ನನ್ನ ಸಮಕ್ಷಮ' ಎಂದು ರುಜು ಹಾಕಿದೆ. ರುಜುವೂ ಚೆನ್ನಾಗಿಯೇ ಬಂದಿತ್ತು.

ಡಿಸೆಂಬರಿನ ಮೊದಲ ವಾರ ಸಂಪಾಜೆಯಿಂದ ಒಬ್ಬ ಹೆಂಗಸು ಬಂದರು. ನಲವತ್ತೈದು ದಾಟಿದ್ದ ಗೌಡರ ಮನೆಯಾಕೆ, ಗಂಡ ಇಲ್ಲ, ಬೇಸಾಯ ತಾನೇ ನೋಡಿಕೊಳ್ಳುತ್ತಿದ್ದವರು. ಮೊದಲು ಅರೆಭಾಷೆಯಲ್ಲಿ ಶುರುಮಾಡಿ, ನನ್ನ ಕಾಲರು ನೋಡಿ ಕಚೇರಿಯ ಕನ್ನಡಕ್ಕೆ ಹೊರಳಿದರು. ಅವರ ಗದ್ದೆಗೆ ಬರುವ ತೋಡಿನ ನೀರನ್ನು ಮೇಲಿನ ಎಸ್ಟೇಟಿನವರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ತಿರುಗಿಸಿಕೊಂಡಿದ್ದರು. ಸುಗ್ಗಿಯ ನೆಟ್ಟಿ, ಅಂದರೆ ಎರಡನೇ ಬೆಳೆಯ ನಾಟಿ, ಆಗಷ್ಟೇ ಮುಗಿದಿತ್ತು. ನೀರು ತಮ್ಮ ಗದ್ದೆಗೇ ಸೇರಿದ್ದೆಂದು ಮಾವನ ಕಾಲದಲ್ಲಿ ಆಜ್ಞೆಯಾಗಿತ್ತು. ಅದರ ಮೊಹರಿನ ನಕಲು ಬೇಕು, ವಿಚಾರಣೆಯ ದಿನ ಹತ್ತಿರ ಬಂದಿದೆ ಎಂದರು.

"ಅದಕ್ಕೇನಂತೆ, ಶಾಶ್ವತ ಕಟ್ಟು," ಎಂದೆ. "ಕೂತುಕೊಳ್ಳಿ ಅಮ್ಮ, ಈಗಲೇ ಬಂತು."

ರಿಜಿಸ್ಟರು ತೆಗೆದೆ. ನನ್ನ ನೀಟಾದ ಅಕ್ಷರ: ಏಳು-ಮೂರು-ಐದು. ಕಾಕಾ ಹೋದರು, ಬರಿಗೈಯಲ್ಲಿ ಬಂದರು.

"ಖಾಲಿಯುಂಟು ಸಾರ್."

ನಾನೇ ಹೋಗಿ ನೋಡಿದೆ. ಖಾನೆಯಲ್ಲಿ ಧೂಳೂ ಇರಲಿಲ್ಲ. ಏಳನೇ ರ‍್ಯಾಕಿನಿಂದ ನನ್ನ ಮೇಜಿಗೆ ಹದಿನೈದು ಹೆಜ್ಜೆ. ಆ ಹದಿನೈದು ಹೆಜ್ಜೆಗಳಲ್ಲಿ ಬೋರ್ಡು, ಮೊಳೆ, ಹೊಗೆ, ಹೊಸ ಬಟ್ಟೆ ಎಲ್ಲವೂ ಸಾಲಾಗಿ ಬಂದವು. ಮೇಜು ತಲಪುವಾಗ ನನಗೆ ಗೊತ್ತಾಗಿಹೋಗಿತ್ತು. ಆದರೂ ಬಾಯಿ ತನ್ನಷ್ಟಕ್ಕೆ ಹೇಳಿತು: "ಜಾಗ ಬದಲಾಗಿದೆ ಅಮ್ಮ. ಮುಂದಿನ ವಾರ ಬನ್ನಿ."

ಅರ್ಜಿಯ ಮೇಲೆ 'ಕಡತ ಹುಡುಕಲಾಗುತ್ತಿದೆ' ಎಂದು ಹಿಂಬರಹ ಬರೆದುಕೊಟ್ಟೆ. ಸರ್ಕಾರಿ ಕನ್ನಡದಲ್ಲಿ ಇಷ್ಟು ನಿರಪಾಯಕಾರಿ ವಾಕ್ಯ ಇನ್ನೊಂದಿಲ್ಲವೆಂದು ಆಗ ತಿಳಿದಿದ್ದೆ.

ಅವರು ಹೋದ ಮೇಲೆ ಹುಡುಕಿದೆ. ಅದನ್ನು ಹುಡುಕುವುದು ಎನ್ನಬಹುದಾದರೆ. ಎರಡು ದಿನ ಹನ್ನೆರಡು ರ‍್ಯಾಕುಗಳನ್ನೂ ಇಳಿಸಿದೆವು. ಮೂರನೆಯ ದಿನ ಷೆಡ್ಡಿನ ಮೂಲೆಯಲ್ಲಿ, ಗೋಣಿಚೀಲದ ಮೇಲೆ, ಬೀಡಾಡಿ ದನಗಳ ಕಟ್ಟು ಕ್ಷೇಮವಾಗಿ ಮಲಗಿತ್ತು. ಪಟ್ಟಿಯ ಪ್ರಕಾರ ಅದು ನನ್ನ ಸಮಕ್ಷಮ ಬೂದಿಯಾಗಿತ್ತು. ಎಂದೋ ಯಾರದೋ ಕೆಸುವಿನ ಗಿಡ ತಿಂದ ಎಮ್ಮೆಯ ವಿವರಗಳು ಒಂದಕ್ಷರ ಮಾಸದೆ ಉಳಿದಿದ್ದವು. ಒಂದು ಊರಿನ ನೀರು ಸುಟ್ಟುಹೋಗಿತ್ತು.

ಕಾಕಾ ಕಟ್ಟನ್ನು ನೋಡಿದರು, ನನ್ನನ್ನು ನೋಡಿದರು. "ಸಾರ್, ಹೊಸ ಬಟ್ಟೆದು..." ಎಂದರು.

"ಗೊತ್ತಾಯ್ತು," ಎಂದೆ.

ಅವರು ಇನ್ನೊಂದು ಮಾತು ಹೇಳಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಎರಡನೇ ಸಲ ಬಂದಾಗ ಆ ಹೆಂಗಸು ಬಾಗಿಲಲ್ಲೇ ಕೇಳಿದರು: "ಎಂತ ಮಾರಾಯ್ರೆ, ನಮ್ಮ ತೋಡು ಸಿಕ್ಕಿತಾ?" ನಾನು ರ‍್ಯಾಕುಗಳ ನಡುವೆ ಹೋಗಿ, ಒಂದೆರಡು ಕಟ್ಟು ಎತ್ತಿ ಇಳಿಸಿ, ಕೈಗೆ ಧೂಳು ಮೆತ್ತಿಕೊಂಡು ಬಂದು, "ಇನ್ನೂ ಇಲ್ಲ," ಎಂದೆ. ಧೂಳು ನೋಡಿ ಅವರಿಗೆ ಪಾಪ ಎನಿಸಿತು. "ನೀವಾದ್ರೂ ಇಷ್ಟು ಹುಡುಕ್ತೀರಲ್ಲ," ಎಂದರು. ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಮೇಜಿನ ಮೇಲಿಟ್ಟು ಬಸ್ಸಿಗೆ ಹೋದರು. ಆ ಹಣ್ಣು ಮೂರು ದಿನ ಅಲ್ಲೇ ಕಪ್ಪಾಯಿತು. ಕಾಕಾ ಕೂಡ ಮುಟ್ಟಲಿಲ್ಲ.

ಜನವರಿಯ ಮೊದಲಲ್ಲಿ ಮೂರನೇ ಸಲ. ಈಗ ಮಾತಿನಲ್ಲಿ ತಮಾಷೆ ಇರಲಿಲ್ಲ. ವಿಚಾರಣೆ ನಡೆದಿತ್ತು. ಆಜ್ಞೆಯಾದಾಗ ಮಾವ ತಮ್ಮ ಕೈಯಿಂದಲೇ ನಕಲು ಮಾಡಿಟ್ಟುಕೊಂಡಿದ್ದ ಕಾಗದವನ್ನು ಆಕೆ ಅಧಿಕಾರಿಯ ಮುಂದಿಟ್ಟಿದ್ದರು. ಎಸ್ಟೇಟಿನ ವಕೀಲರು ನನ್ನ ಹಿಂಬರಹವನ್ನು ಎತ್ತಿ ಹಿಡಿದರಂತೆ: ಮೂಲ ಕಚೇರಿಯಲ್ಲಿದೆ, ಹುಡುಕುತ್ತಿದ್ದಾರೆಂದು ಕಚೇರಿಯೇ ಬರೆದಿದೆ, ಮೂಲ ಇರುವಾಗ ಮನೆಯ ನಕಲು ಯಾಕೆ ನೋಡಬೇಕು?

"ಅವರು ಎಂತ ಹೇಳಿದ್ರು ಗೊತ್ತುಂಟಾ?" ಎಂದರು ಆಕೆ. "ಮೂಲ ಇಲ್ಲ, ಹಾಳಾಗಿ ಹೋಗಿದೆ ಅಂತ ಕಚೇರಿಯವರೇ ಬರೆದುಕೊಟ್ರೆ ಮಾವನ ಕಾಗದ ನೋಡ್ತಾರಂತೆ. ಇದ್ರೆ ಕೊಡಿ. ಇಲ್ಲದಿದ್ರೆ ಇಲ್ಲ ಅಂತ ಬರೀರಿ. ಹುಡುಕ್ತಾ ಇದ್ದೇವೆ ಅಂದ್ರೆ ನನ್ನ ಗದ್ದೆ ನಿಮ್ಮ ಹುಡುಕಾಟದಲ್ಲೇ ಒಣಗ್ತದೆ."

"ನೀರು ಸ್ವಲ್ಪವೂ ಇಲ್ವಾ?"

"ಕೊಡದಲ್ಲಿ ಹೊತ್ತು ಹಾಕ್ತೇವೆ, ಅಂಚಿಗೆ. ನಡುವಿಂದು ಹಳದಿ ಬಂದಾಯ್ತು. ಇನ್ನು ಹತ್ತು ಹನ್ನೆರಡು ದಿವ್ಸ. ಮತ್ತೆ ನೀವು ಮೂಲವೇ ಕೊಟ್ರೂ ಅದನ್ನ ನೆಡ್ಲಿಕ್ಕೆ ಆಗ್ತದಾ?"

ನನ್ನ ನಿರಪಾಯಕಾರಿ ವಾಕ್ಯ ಏನು ಮಾಡುತ್ತಿದೆಯೆಂದು ಆಗ ತಿಳಿಯಿತು. ಸುಟ್ಟದ್ದಕ್ಕಿಂತ ಹೆಚ್ಚಿನದನ್ನು ಅದು ಸುಡುತ್ತಿತ್ತು. ನಾಡಿದ್ದು ಬನ್ನಿ ಎಂದು ಹೇಳಿ ಅವರನ್ನು ಕಳಿಸಿ, ಶಿರಸ್ತೇದಾರರ ಮುಂದೆ ಹೋಗಿ ನಿಂತು ನಡೆದದ್ದನ್ನೆಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿ ಮತ್ತೆ ಒರೆಸಿದರು.

"ಯಾರ‍್ಯಾರಿಗೆ ಗೊತ್ತು?"

"ನನಗೆ, ಕಾಕನಿಗೆ. ಈಗ ತಮಗೆ."

"ನನಗಿನ್ನೂ ಗೊತ್ತಾಗಿಲ್ಲ," ಎಂದರು. "ನೋಡಯ್ಯಾ, ಮೂರು ದಾರಿ ಇದೆ. ಅಟೆಂಡರು ತಪ್ಪು ಕಟ್ಟು ಎಳೆದ ಅಂತ ಬರಿ. ನಾಳೆ ಅವನ ಕೆಲಸ ಹೋಗುತ್ತೆ, ನೀನು ಆರಾಮ."

"ಅದು ಬೇಡ ಸಾರ್."

"ನಾನೂ ಬೇಡ ಅಂತಲೇ ಅಂದ್ಕೊಂಡೆ. ಎರಡನೇದು, ಗೆದ್ದಲು ತಿಂತು ಅಂತ ಬರಿ. ಗೆದ್ದಲಿಗೆ ಸರ್ವಿಸ್ ಬುಕ್ ಇಲ್ಲ, ಮೆಮೋ ಕೊಡೋ ಹಾಗಿಲ್ಲ. ಆದರೆ ಗೆದ್ದಲು ಅಂದರೆ ಮಹಜರು ಆಗಬೇಕು, ಮೇಲಿನೋರು ಬಂದು ರೂಮು ನೋಡಬೇಕು. ತಿಂಗಳು ಹಿಡಿಯುತ್ತೆ."

"ಮೂರನೇದು?"

"ನೀನು ಈಗ ಹೇಳಿದ್ದನ್ನೇ ಬರಿ. ಇವತ್ತೇ ಸರ್ಟಿಫಿಕೇಟಿಗೆ ಮೊಹರು ಹಾಕಿಸ್ತೀನಿ. ನಿನ್ನ ಸರ್ವಿಸ್ ಬುಕ್ಕಲ್ಲೂ ಒಂದು ಸಾಲು ಬೀಳುತ್ತೆ. ಹೊಸ ರಾಜ್ಯ, ಹೊಸ ಸೀನಿಯಾರಿಟಿ ಪಟ್ಟಿ. ಆ ಸಾಲು ನೀನು ರಿಟೈರ್ ಆಗೋವರೆಗೂ ನಿನ್ನ ಜೊತೇಲೇ ಇರುತ್ತೆ."

ಇಲ್ಲಿ ನಾನು ಎದೆ ತಟ್ಟಿ ಮೂರನೆಯದನ್ನು ಆರಿಸಿದೆನೆಂದು ಬರೆಯಬೇಕೆಂದು ಬಹಳ ಆಸೆ. ಮೇಜಿಗೆ ಮರಳಿ ಗೆದ್ದಲಿನ ಕರಡು ಬರೆದೆ. ಹನ್ನೆರಡು ದಿನವೆಂದು ಆಕೆ ಹೇಳಿದ್ದು ಕಿವಿಯಲ್ಲಿತ್ತು, ತಿಂಗಳೆಂದು ಶಿರಸ್ತೇದಾರರು ಹೇಳಿದ್ದೂ ಇತ್ತು. ಎರಡನ್ನೂ ಕೇಳಿಸಿಕೊಂಡೇ ಬರೆದೆ. ಹೆಂಗಸರು ಸ್ವಲ್ಪ ಹೆಚ್ಚು ಮಾಡಿ ಹೇಳುತ್ತಾರೆ, ಪೈರಿಗೆ ಪ್ರಾಣ ಗಟ್ಟಿ, ಹೀಗೆಲ್ಲ ನನಗೆ ನಾನೇ ವಕಾಲತ್ತು ಹಾಕಿಕೊಂಡೆ. ಗೆದ್ದಲು ಯಾವ ಕಡೆಯಿಂದ ಬಂದವು, ಎಷ್ಟು ಆಳಕ್ಕೆ ತಿಂದವು ಎಂದು ಎರಡು ಪುಟ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ವರ್ಣನೆ ಮತ್ತೆ ಬರೆದಿಲ್ಲ.

ಹೇಳಿದ ದಿನ ಆಕೆ ಬಂದಾಗ ಎದುರಿಗೆ ಹೋಗಲಿಲ್ಲ. ಮೇಲಿನವರಿಗೆ ಬರೆದಾಗಿದೆಯೆಂದು ಇನ್ನೊಬ್ಬ ಗುಮಾಸ್ತನ ಕೈಯಲ್ಲಿ ಹೇಳಿಸಿ, ಅವರು ಬಸ್ಸು ಹತ್ತುವವರೆಗೆ ಷೆಡ್ಡಿನಲ್ಲಿ ಕುಳಿತೆ. ಬರೆದದ್ದು ಹೊರಟಿರಲಿಲ್ಲ. ಅದಕ್ಕೆ ಸಾಕ್ಷಿಯ ಸಹಿ ಬೇಕಿತ್ತು. ರೂಮಿನಲ್ಲಿ ಕೆಲಸ ಮಾಡುವವರು ಇಬ್ಬರೇ.

ಕಾಕನನ್ನು ಕರೆದು, ಕಾಗದ ಮುಂದಿಟ್ಟು, ಶಾಯಿ ಪ್ಯಾಡು ತೆರೆದೆ. ಅವರು ಹೆಬ್ಬೆಟ್ಟು ಮುಂದೆ ತರಲಿಲ್ಲ.

"ಓದಿ ಸಾರ್."

ಓದಿದೆ. ಗೆದ್ದಲಿನ ಎರಡೂ ಪುಟವನ್ನು ಅವರು ತಲೆ ತಗ್ಗಿಸಿ ಕೇಳಿದರು.

"ಗೆದ್ದಲು ತಿಂದದ್ದು ನಾನು ಕಾಣಲಿಲ್ಲ," ಎಂದರು. "ಸುಟ್ಟದ್ದು ಕಂಡಿದ್ದೇನೆ. ಹಾಕಿದ್ದೇ ನಾನು. ಹಾಗೆ ಬರೀರಿ, ಒತ್ತುತ್ತೇನೆ."

"ಹಾಗೆ ಬರೆದರೆ ನಿಮ್ಮ ಕೆಲಸಕ್ಕೆ ಬರ್ತದೆ ಕಾಕಾ."

"ಬಂದರೆ ಬರಲಿ. ಆ ಸಂಪಾಜೆಯ ಉಮ್ಮ ನಾಲ್ಕು ಸಲ ಬಂದಾಯ್ತು ಸಾರ್. ನಾನು ಬಾಗಿಲಲ್ಲೇ ಕೂರುವವನು. ನಿಮಗೆ ರ‍್ಯಾಕಿನ ಹಿಂದೆ ಹೋಗಲಿಕ್ಕೆ ಆಗ್ತದೆ, ನಾನು ಎಲ್ಲಿಗೆ ಹೋಗಲಿ?"

ಇಷ್ಟು ಹೇಳಿ ಶಾಯಿ ಪ್ಯಾಡಿನ ಮುಚ್ಚಳ ಹಾಕಿದರು. ಒಣಗಬಾರದೆಂದು.

ಆಗಲೂ ಆ ಕರಡು ನಾಲ್ಕು ದಿನ ನನ್ನ ಡ್ರಾಯರಿನಲ್ಲಿತ್ತು. ನಾಲ್ಕು ದಿನ. ಈ ಬರಹದಲ್ಲಿ ಬರೆಯಲು ಅತ್ಯಂತ ಕಷ್ಟವಾಗುತ್ತಿರುವ ಮಾತು ಇದೇ. ಬೆಂಕಿಯ ದಿನ ಹೊಗೆಯಿತ್ತು, ಅವಸರವಿತ್ತು ಎನ್ನಬಹುದು. ಈ ನಾಲ್ಕು ದಿನ ಹೊಗೆಯೂ ಇರಲಿಲ್ಲ, ಅವಸರವೂ ಇರಲಿಲ್ಲ. ಬೆಳಿಗ್ಗೆ ಡ್ರಾಯರು ತೆರೆಯುವುದು, ನೋಡುವುದು, ಮುಚ್ಚುವುದು. ಕಾಕಾ ಎಂದಿನಂತೆ ಚೀಟಿ ತೆಗೆದುಕೊಂಡು ಹೋಗಿ ಕಟ್ಟು ತಂದಿಡುತ್ತಿದ್ದರು. ಒಂದೇ ವ್ಯತ್ಯಾಸ: ಇಡುವಾಗ ಕಟ್ಟಿನ ಮೇಲಿನ ನಂಬರಿಗೆ ಬೆರಳಿಟ್ಟು, ನಾನು ಓದುವವರೆಗೆ ಬೆರಳು ತೆಗೆಯುತ್ತಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಆ ಬೆರಳನ್ನು ನೋಡುತ್ತಿದ್ದಂತೆ, ಇನ್ನು ಇಪ್ಪತ್ತೊಂಬತ್ತು ವರ್ಷ ದಿನಕ್ಕೆ ಹತ್ತು ಸಲ ಇದನ್ನು ನೋಡಬೇಕಲ್ಲ ಎನಿಸಿತು. ಸತ್ಯನಿಷ್ಠೆ ಎನ್ನುವುದಕ್ಕಿಂತ ಅದನ್ನು ಸುಸ್ತು ಎನ್ನುವುದು ಸರಿ. ಕರಡನ್ನು ಹರಿದೆ. ಹೊಸ ಹಾಳೆಯಲ್ಲಿ ಆರು ಸಾಲು: ಸಂಪಾಜೆ ನೂರ ಹದಿನಾಲ್ಕನೇ ಕಟ್ಟನ್ನು ಇಂಥ ದಿನ, ಹಳೆಯ ಚೀಟಿಯನ್ನು ನಾನು ತೆಗೆಯದ ಕಾರಣ, ಕಟ್ಟಿನ ನಂಬರನ್ನು ನಾನು ಓದದ ಕಾರಣ, ನನ್ನ ಸಮಕ್ಷಮ ತಪ್ಪಾಗಿ ಸುಡಲಾಯಿತು, ಅಟೆಂಡರು ಎಚ್ಚರಿಸಿದ್ದರು, ನಾನು ಕೇಳಲಿಲ್ಲ. ರುಜು. ಪಕ್ಕದಲ್ಲಿ ಕಾಕನ ಹೆಬ್ಬೆಟ್ಟು.

ಶಿರಸ್ತೇದಾರರು ಓದಿ, "ಗೆದ್ದಲಿಗೆ ಮೂರು ಕಾಪಿ ಬೇಕಾಗ್ತಿತ್ತು. ಇದಕ್ಕೆ ಒಂದೇ ಸಾಕು," ಎಂದರು. ಮಧ್ಯಾಹ್ನದೊಳಗೆ ಮೊಹರು ಬಿತ್ತು.

ಅಂಚೆಗೆ ಹಾಕದೆ ನಾನೇ ಮರುದಿನದ ಬಸ್ಸಿನಲ್ಲಿ ವಿಚಾರಣೆಯ ಅಧಿಕಾರಿಯ ಕಚೇರಿಗೆ ಒಯ್ದುಕೊಟ್ಟೆ. ಅವರು ಓದಿದರು. ಸ್ಥಳ ನೋಡಿಯೇ ಆಜ್ಞೆ ಮಾಡುತ್ತೇನೆ, ವಿಷಯ ಗೊತ್ತಿರುವವರು ನೀವೊಬ್ಬರೇ, ನೀವೂ ಬನ್ನಿ ಎಂದರು. ಅವರು ದಿನ ಗೊತ್ತುಮಾಡಿ ನಾವು ಸಂಪಾಜೆಗೆ ಇಳಿಯುವಾಗ ಇನ್ನೂ ಐದು ದಿನ ಕಳೆದಿತ್ತು.

ತೋಡಿನ ತಲೆಯಲ್ಲಿ ಎಸ್ಟೇಟಿನವರು ಮಣ್ಣು ಹಾಕಿ ಕಟ್ಟಿದ್ದ ಒಡ್ಡು ಕಂಡಿತು. ಮಾವನ ನಕಲಿನಲ್ಲಿ ಹೇಳಿದ್ದ ಕಲ್ಲು ಹೇಳಿದಲ್ಲೇ ಇತ್ತು. ಅಧಿಕಾರಿ ಅಲ್ಲೇ ಕುಳಿತು ಆಜ್ಞೆ ಬರೆದರು, ಎಸ್ಟೇಟಿನ ಆಳುಗಳೇ ಒಡ್ಡು ಕಡಿದರು. ನೀರು ನಾವು ನಡೆಯುವುದಕ್ಕಿಂತ ತುಸು ನಿಧಾನವಾಗಿ ನಮ್ಮ ಜೊತೆಯೇ ಇಳಿಯಿತು. ಗದ್ದೆಯ ಬದುವಿನ ಮೇಲೆ ಆ ಹೆಂಗಸು ನಿಂತಿದ್ದರು. ಅಂಚಿನ ಎರಡು ಸಾಲು ಹಸಿರಿತ್ತು, ಕೊಡದಲ್ಲಿ ಹೊತ್ತು ಹಾಕಿದ್ದು. ಉಳಿದದ್ದು ಹುಲ್ಲಿನ ಬಣ್ಣ. ನೆಲ ಬಿರಿದಿತ್ತು. ನೀರು ಬಿರುಕುಗಳೊಳಗೆ ಸದ್ದು ಮಾಡುತ್ತ ಇಳಿಯಿತು, ಮೇಲೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅಧಿಕಾರಿ ಮುಂದೆ ಹೋದ ಮೇಲೆ ಆ ಹೆಂಗಸಿನ ಹತ್ತಿರ ಹೋದೆ. ಸುಟ್ಟದ್ದು ನಾನು, ಮೊದಲ ದಿನವೇ ಗೊತ್ತಿತ್ತು ಎಂದು ಹೇಳಿದೆ. ಸರ್ಟಿಫಿಕೇಟಿನಲ್ಲಿ ಮೊದಲ ದಿನದ ಮಾತು ಇರಲಿಲ್ಲ.

ಅವರು ನನ್ನನ್ನು ನೋಡಲಿಲ್ಲ, ಗದ್ದೆಯನ್ನು ನೋಡುತ್ತಿದ್ದರು. ಬಗ್ಗಿ ತಮ್ಮ ಮೊಣಕಾಲಿನ ಹತ್ತಿರ ಅಂಗೈ ಅಡ್ಡ ಹಿಡಿದರು.

"ಇಷ್ಟು ಇರ್ತಿತ್ತು," ಎಂದರು. "ನೀವು ಆ ದಿನವೇ ಹೇಳಿದ್ರೆ."



"ಊಟ ಮಾಡಿಕೊಂಡೇ ಹೋಗ್ಬೇಕು," ಎಂದರು ಆಮೇಲೆ, ಅದೇ ಧ್ವನಿಯಲ್ಲಿ. "ಕಚೇರಿಯವರು ಬಂದು ಹಸಿದು ಹೋದ್ರೂಂತ ಆಗ್ಬಾರ್ದು."

ಬೇಡವೆನ್ನಲು ಅಧಿಕಾರಿ ಬಿಡಲಿಲ್ಲ, ಅವರಿಗೆ ಹಸಿವಾಗಿತ್ತು. ಜಗಲಿಯಲ್ಲಿ ಬಾಳೆಲೆ ಹಾಕಿದರು. ಕೆಂಪು ಕುಚ್ಚಲಕ್ಕಿಯ ಅನ್ನ, ಹುರುಳಿ ಸಾರು. ಮಳೆಗಾಲದ ಬೆಳೆಯದು, ಮನೆಯದೇ ಅಕ್ಕಿ ಎಂದು ಅಧಿಕಾರಿಯ ಪ್ರಶ್ನೆಗೆ ಉತ್ತರ ಬಂತು. ಬರುವ ಮಳೆಗಾಲದ ಬೆಳೆ ಕೈಗೆ ಬರುವವರೆಗೆ ಆ ಅಕ್ಕಿಯೇ ಆಗಬೇಕೆಂದು ಯಾರೂ ಹೇಳಲಿಲ್ಲ. ನನಗೆ ಕೂಡಿಸಲು ಬರುತ್ತಿತ್ತು.

ಎರಡನೇ ಸಲ ಅನ್ನ ತಂದಾಗ ನಾನು ಸಾಕೆಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಅವರು ಕಾದರು. ನಾನು ಕೈ ತೆಗೆಯಲಿಲ್ಲ.

"ತೆಗೀರಿ ಮಾರಾಯ್ರೆ ಕೈ," ಎಂದರು. "ಅನ್ನ ಆರ್ತದೆ."

ತೆಗೆದೆ. ತುಂಬ ಬಡಿಸಿದರು. ಒಂದು ಅಗುಳೂ ಬಿಡುವ ಹಾಗಿರಲಿಲ್ಲ. ತಲೆಯೆತ್ತದೆ ಎಲ್ಲವನ್ನೂ ಉಂಡೆ.